ಎರಡು ಬೆರಳಿನ ಸಂದಿ

ಆ ಬೀದಿಯ ಮಕ್ಕಳೆಲ್ಲ ಅವಳನ್ನು ಎಣ್ಣೆ ಚಿಕ್ಕಮ್ಮ ಎಂದು ಕರೆಯುತ್ತಿದ್ದರು. ಮಳೆಗಾಲ ಮುಗಿದು ನಾಲ್ಕು ಬಿಸಿಲು ಬಿತ್ತೆಂದರೆ ಅವಳ ಕೈ ಅಗಸೆ ಎಣ್ಣೆಯ ವಾಸನೆ ಹೊಡೆಯಲು ಶುರುವಾಗುತ್ತಿತ್ತು. ಸೋಪಿಗೂ ಬಗ್ಗದ, ಬಿಸಿನೀರಿಗೂ ಬಗ್ಗದ ವಾಸನೆ. ಮೂಲೆ ಅಂಗಡಿಯವನು ಸಾಮಾನು ಕಟ್ಟಿಕೊಡುತ್ತ, "ಏನು ಚಿಕ್ಕಮ್ಮ, ಜಗಲಿಗೆ ಸ್ನಾನ ಆಯ್ತಾ?" ಎಂದು ಕೇಳಿದರೆ, "ಆಯ್ತಪ್ಪ, ನಿನಗೆ ಯಾವತ್ತು?" ಎನ್ನುತ್ತಿದ್ದಳು.

ಆ ಜಗಲಿ ಇದ್ದದ್ದು ಮನೆಯ ಹಿಂದೆ. ಪೂರಾ ಮರದ್ದು, ಸೊಂಟದೆತ್ತರ, ಮೇಲೆ ಸೂರಿಲ್ಲ. ಕೆಳಗೆ ಉದ್ದಕ್ಕೆ ಹಾಸಿದ ತೊಲೆಗಳು, ಅವುಗಳ ಮೇಲೆ ನೀರಿಳಿಯಲು ಜಾಗ ಬಿಟ್ಟು ಹೊಡೆದ ಹಲಗೆಗಳು. ಅದನ್ನು ಕಟ್ಟಿದವರು ಇಬ್ಬರು ಅಣ್ಣತಮ್ಮಂದಿರು. ಅಣ್ಣನ ಹೆಂಡತಿ ಬೀದಿಗೆಲ್ಲ ದೊಡ್ಡಮ್ಮ, ತಮ್ಮನ ಹೆಂಡತಿ ಚಿಕ್ಕಮ್ಮ. ಒಂದೇ ಒಲೆಯ ಕಾಲದಲ್ಲಿ ಎದ್ದ ಜಗಲಿ ಅದು. ಆಮೇಲೆ ಮನೆ ಪಾಲಾಯಿತು. ಒಳಗೆ ನಡುಗೋಡೆ ಎದ್ದಿತು. ಜಗಲಿಯ ಮೇಲೆ ಗೋಡೆ ಎಬ್ಬಿಸಲಾದೀತೇ? ನಡುವೆ ಒಂದು ಬಿಳಿ ಗೆರೆ ಎಳೆದರು. ಈಚೆಯ ಹಲಗೆ ಈ ಮನೆಯದು, ಆಚೆಯದು ಆ ಮನೆಯದು. ಹಲಗೆಗಳೇನೋ ಪಾಲಾದವು. ತೊಲೆಗಳು ಮಾತ್ರ ಯಾರ ಮಾತೂ ಕೇಳದೆ ಗೆರೆಯಡಿ ಈ ಕಡೆಯಿಂದ ಆ ಕಡೆಗೆ ಹಾಗೇ ಮಲಗಿದ್ದವು.

ಗೆರೆ ಬಿದ್ದ ವರ್ಷವೇ ದೊಡ್ಡಮ್ಮ ತನ್ನ ಕಡೆಗೆ ಹೊಳೆಯುವ ಹಸಿರು ಬಣ್ಣ ಬಳಿಸಿದಳು.

"ಅಕ್ಕ, ಬಣ್ಣ ಬಳಿದ್ರೆ ಮರಕ್ಕೆ ಉಸಿರು ಕಟ್ಟುತ್ತಂತೆ. ಒಳಗಿನ ನೀರು ಒಳಗೇ ಉಳಿಯುತ್ತೆ ಅಂತಾರೆ ಇವರು," ಎಂದಳು ಚಿಕ್ಕಮ್ಮ.

"ಮರಕ್ಕೆ ಉಸಿರಂತೆ! ನಾಳೆ ಶೀತ ಆಗುತ್ತೆ ಅಂತಾನೆ ನಿನ್ನ ಗಂಡ. ಕಂಬಳಿ ಹೊದಿಸ್ಕೋ ಹೋಗೇ," ಎಂದಳು ದೊಡ್ಡಮ್ಮ.

ಗಂಡಂದಿರು ಒಬ್ಬರ ಹಿಂದೆ ಒಬ್ಬರು ತೀರಿಹೋದರು. ದೊಡ್ಡಮ್ಮನ ಜೊತೆಗೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಮಗಳಿದ್ದಳು. ಬೆಳಿಗ್ಗೆ ಹೋದರೆ ದೀಪ ಹಾಕಿದ ಮೇಲೆ ಬರುವವಳು. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ದರ್ಜಿಯಂಗಡಿಯಿಂದ ಬಂದ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಒಂದು ಎಳೆ ಆಚೀಚೆ ಆದರೂ ಬಿಚ್ಚಿ ಮತ್ತೆ ಹೊಲಿಯುವ ಕೈ.

ಸಂಜೆ ಬಿಸಿಲು ಇಳಿದರೆ ಇಬ್ಬರೂ ಹೊರಗೆ ಬರುತ್ತಿದ್ದರು. ದೊಡ್ಡಮ್ಮನ ಬೆತ್ತದ ಕುರ್ಚಿ ಗೆರೆಯ ಆಚೆ, ಚಿಕ್ಕಮ್ಮನ ಮಣೆ ಗೆರೆಯ ಈಚೆ. ದೊಡ್ಡಮ್ಮ ದಪ್ಪ ಆಳು, ದನಿಯೂ ದಪ್ಪ.

"ಏನೇ, ಕಾಜಾ ಕತ್ತರಿಸ್ತಿದೀಯೋ ಊರಿನವರ ಮೂಗು ಕತ್ತರಿಸ್ತಿದೀಯೋ?"

"ಮೂಗು ತೂರಿಸಿದವರದು ಮಾತ್ರ ಅಕ್ಕ."

ಕತ್ತಲಾಗುವವರೆಗೂ ಹೀಗೇ. ಬೈಗುಳವೆಂದರೆ ಬೈಗುಳ, ಬಳಕೆಯೆಂದರೆ ಬಳಕೆ. ಚಿಕ್ಕಮ್ಮನ ದಿನದಲ್ಲಿ ಅಷ್ಟು ಮಾತು ಬೇರೆಲ್ಲೂ ಇರಲಿಲ್ಲ.

ವರ್ಷಕ್ಕೊಮ್ಮೆ ಜಗಲಿಯ ಕೆಲಸ. ಗಂಡ ಮಾಡುತ್ತಿದ್ದ ಹಾಗೇ ಅವಳೂ ಮಾಡುತ್ತಿದ್ದಳು. ಮೊದಲು ಹಲಗೆ ಸಂದಿಯ ಕೊಳೆತ ಎಲೆಗಳನ್ನು ತೆಳ್ಳನೆಯ ಕಡ್ಡಿಯಿಂದ ಎಬ್ಬಿಸಿ ತೆಗೆಯುವುದು. ಆಮೇಲೆ ಸೋಪು ನೀರು ಹಾಕಿ, ಮರದ ಎಳೆ ಹೋದ ಕಡೆಗೇ ಬ್ರಷ್ ಆಡಿಸಿ ಪಾಚಿ ಕೀಳುವುದು. ಅಡ್ಡ ಉಜ್ಜಿದರೆ ಮರ ಸಿಬಿರೇಳುತ್ತದೆ. ಒಣಗಲು ಬಿಟ್ಟು, ತಲೆ ಎತ್ತಿದ ಮೊಳೆಗಳನ್ನು ಬಡಿದು, ಒರಟಾದಲ್ಲಿ ಮರಳು ಕಾಗದ ಹಾಕಿ ಉಜ್ಜಿ, ಹಳೇ ಬನಿಯನ್ ಚೂರಿನಿಂದ ತೆಳ್ಳಗೆ ಎಣ್ಣೆ ಹಚ್ಚುವುದು. ಕೊನೆಗೆ ಜಗಲಿಯಡಿ ನುಸುಳಿ ತೊಲೆಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುವುದು.

ಒಂದು ವರ್ಷ ಮಳೆ ಜೋರಾಗಿತ್ತು. ದೊಡ್ಡಮ್ಮನ ಕಡೆ ಹಸಿರು ಬಣ್ಣ ಗುಳ್ಳೆ ಎದ್ದು, ಗುಳ್ಳೆ ಒತ್ತಿದರೆ ನೀರು ಬರುತ್ತಿತ್ತು. ಆ ದಿನಗಳಲ್ಲೇ ಒಮ್ಮೆ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಎಲ್ಲರೂ ಹೊರಗೆ ಗಾಳಿಗೆ ಕೂತು ಟೀ ಕುಡಿಯುತ್ತಿದ್ದರು. ಚಿಕ್ಕಮ್ಮ ಒಳ್ಳೆಯ ಮನಸ್ಸಿನಿಂದಲೇ, "ಅಕ್ಕ, ನಿಮ್ಮ ಕಡೆ ಹಲಗೆ ಊದಿದೆ, ಒಂದ್ಸಲ ನಾನು ಕೆಳಗೆ ನೋಡ್ಲಾ?" ಎಂದಳು. ಬಂದವರ ಮುಂದೆ ತನ್ನ ಮನೆ ಹುಳುಕು ಆಡಿದಳೆಂದು ದೊಡ್ಡಮ್ಮನಿಗೆ ಚುರುಕ್ ಎಂದಿತು.

"ಮಕ್ಕಳಿಲ್ಲದವಳಿಗೆ ಹಲಗೇನೇ ಮಕ್ಕಳು ನೋಡಿ," ಎಂದಳು ನಗುತ್ತ. "ತೊಳೀತಾಳೆ, ಒರೆಸ್ತಾಳೆ, ಎಣ್ಣೆ ಹಚ್ಚಿ ಮಲಗಿಸ್ತಾಳೆ. ನಿನ್ನ ಮಕ್ಕಳನ್ನ ನೀನು ನೋಡ್ಕೋ ತಾಯಿ, ನನ್ನವನ್ನ ಮುಟ್ಟಬೇಡ."

ಎಲ್ಲರೂ ನಕ್ಕರು. ಚಿಕ್ಕಮ್ಮನೂ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸಂಬಂಧವೂ ಕೂಡಿಬರಲಿಲ್ಲ, ಅದು ಬೇರೆ ಮಾತು.

ಆ ವಾರವೇ ಅವಳು ಜಗಲಿಯಡಿ ನುಸುಳಿದಳು. ತನ್ನ ಕಡೆಯ ತೊಲೆಗಳನ್ನು ಚುಚ್ಚಿದಳು, ಗಟ್ಟಿಯಾಗಿದ್ದವು. ಕೈ ತಡೆಯಲಿಲ್ಲ, ಗೆರೆಯ ಆಚೆಗೂ ಚಾಚಿ ಚುಚ್ಚಿದಳು. ದೊಡ್ಡಮ್ಮನ ಬಾಗಿಲಿನೆದುರಿನ ತೊಲೆಯೊಳಗೆ ಸ್ಕ್ರೂಡ್ರೈವರು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮರ ಲಡ್ಡಾಗಿತ್ತು. ಹಿಂಡಿದರೆ ನೀರು ಬರುವಷ್ಟು.

ಹೇಳಬೇಕು ಎಂದುಕೊಂಡು ಮೆಟ್ಟಿಲವರೆಗೆ ಬಂದಳು. ನನ್ನವನ್ನ ಮುಟ್ಟಬೇಡ ಎಂಬ ಮಾತು ಅಲ್ಲೇ ಅಡ್ಡ ನಿಂತಿತು. ಮರಳಿ ಹೋಗಿ ಹಿತ್ತಲ ಕಲ್ಲುಗಳನ್ನು ತಂದು ಆ ತೊಲೆಯಡಿ ಒಂದರ ಮೇಲೊಂದು ಪೇರಿಸಿದಳು. ಇನ್ನೊಂದು ಚಪ್ಪಟೆ ಕಲ್ಲು ಸೇರಿಸಿದ್ದರೆ ತೊಲೆಗೆ ಬಿಗಿಯಾಗಿ ಕೂರುತ್ತಿತ್ತು. ಆ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದಳು. ಆಮೇಲೆ ಪಕ್ಕಕ್ಕೆ ಇಟ್ಟಳು. ಎರಡು ಬೆರಳಿನ ಸಂದಿ ಉಳಿಯಿತು. ತೊಲೆ ಮುರಿದು ಬೀಳುವುದಿಲ್ಲ. ಕಾಲಿಟ್ಟರೆ ಎರಡು ಬೆರಳು ಕುಸಿಯುತ್ತದೆ, ಅಷ್ಟೆ. ಕುಸಿದರೆ ತಾನಾಗಿ ಕೇಳುತ್ತಾಳೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? "ಲೇ, ಸ್ವಲ್ಪ ಕೆಳಗೆ ನೋಡೇ" ಎಂದು ಒಂದು ಮಾತು ಕೇಳಲಿ, ಅವತ್ತೇ ಸರಿಮಾಡಿಸಿಕೊಡುತ್ತೇನೆ. ಹೀಗೆಂದುಕೊಂಡು ಕೈ ತೊಳೆದುಕೊಂಡಳು.

ದೊಡ್ಡಮ್ಮ ಕೇಳಲಿಲ್ಲ. ಕೆಲವು ದಿನ ಬಾಗಿಲ ಚೌಕಟ್ಟು ಹಿಡಿದು ನಿಂತು, ಕಾಲನ್ನು ನೀರಿಗೆ ಇಳಿಸುವವಳ ಹಾಗೆ ಇಳಿಸಿ, ಕುರ್ಚಿಯವರೆಗೆ ಬಂದು ಕೂರುತ್ತಿದ್ದಳು. ಮಾತು ಕಡಿಮೆಯಾಯಿತು. ಆಮೇಲೆ ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಒಂದು ಸಂಜೆ ನೋಡಿದರೆ ಕುರ್ಚಿಯೂ ಒಳಗೆ ಹೋಗಿತ್ತು.

"ಇರಲಿ ಬಿಡು," ಎಂದುಕೊಂಡಳು ಚಿಕ್ಕಮ್ಮ. "ನನ್ನ ಮುಖ ನೋಡೋದೇ ಬೇಡವಾಗಿದೆ ಮಹಾರಾಣಿಗೆ."

ಎರಡು ಮಳೆಗಾಲ ಕಳೆದವು. ಎರಡು ಸಲವೂ ಅವಳು ಗೆರೆಯವರೆಗೆ ಎಣ್ಣೆ ಹಚ್ಚಿದಳು. ಆಚೆಗೆ ಒಂದು ಹನಿ ಬೀಳದಂತೆ ಹಚ್ಚಿದಳು. ನಡುಗೋಡೆಗೆ ಕಿವಿಗೊಟ್ಟರೆ ದೊಡ್ಡಮ್ಮನ ಮಂಚ ಕಿರುಗುಟ್ಟುವುದು ಕೇಳುತ್ತಿತ್ತು. ಆ ದಪ್ಪ ದನಿ ಕೇಳುತ್ತಿರಲಿಲ್ಲ.

ಎರಡನೆಯ ಸಲ, ಇನ್ನೂ ಎಣ್ಣೆ ಹಚ್ಚುತ್ತಿದ್ದಾಗಲೇ ಮಗಳು ಮುಂಬಾಗಿಲಿಂದ ಸುತ್ತಿ ಬಂದು ನಿಂತಳು. ರಜೆ ಹಾಕಿದ್ದಳು. ಮುಖ ಬಾಡಿತ್ತು.

"ಚಿಕ್ಕಮ್ಮ, ನಾನಿಲ್ಲದಾಗ ಅಮ್ಮನ್ನ ಸ್ವಲ್ಪ ನೋಡ್ಕೋತೀರಾ? ಬಚ್ಚಲಿಗೆ ಹೋಗೋಕೂ ಈಗ ಕೈ ಹಿಡೀಬೇಕು."

"ಯಾಕೆ, ಏನಾಗಿದೆ ಅಕ್ಕನಿಗೆ?"

"ತಲೆಸುತ್ತು ಚಿಕ್ಕಮ್ಮ. ನಿಮಗೆ ಹೇಳ್ಬೇಡ ಅಂದಿದ್ರು. ಮೊದಲು ಹೊರಗೆ ಜಗಲಿ ಮೇಲೆ ಕಾಲಿಟ್ಟಾಗ ಮಾತ್ರ ಆಗ್ತಿತ್ತಂತೆ. ನೆಲಾನೇ ಕುಸಿದ ಹಾಗೆ. ವಯಸ್ಸಾಯ್ತು, ಕಾಲು ಬಿತ್ತು, ಅಂತ ಹೆದರಿ ಕೂತುಬಿಟ್ರು. ಡಾಕ್ಟರು ಮಾತ್ರೆ ಕೊಟ್ರು, ಏಳಿ, ಓಡಾಡಿ ಅಂತಲೂ ಅಂದ್ರು. ಇವರು ಏಳಲ್ಲ. 'ಅವಳ ಮುಂದೆ ಬಿದ್ರೆ ಬೀದಿಗೆಲ್ಲ ಹೇಳ್ತಾಳೆ' ಅಂತಾರೆ."

ಚಿಕ್ಕಮ್ಮನ ಕೈಯ ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕಿ ಹಲಗೆಯ ಮೇಲೆ ದೊಡ್ಡ ಕಲೆಯಾಯಿತು. ತೆಳ್ಳಗೆ ಹಚ್ಚುವ ಕೈ, ಒರೆಸಲು ಮರೆಯಿತು. ಆ ಕಲೆ ಆಮೇಲೆ ಹೋಗಲೇ ಇಲ್ಲ.

ಮರುದಿನವೇ ಬಡಗಿಯನ್ನು ಕರೆಸಿದಳು. ಅವನು ಅವಳ ಗಂಡನ ಕಾಲದವನು, ಬಾಯಿ ಸುಮ್ಮನಿರದ ಮನುಷ್ಯ. "ಏನಮ್ಮಾ, ಗಡಿ ದಾಟಿ ಕೆಲಸ ಹೇಳ್ತಿದೀರಲ್ಲ, ಯುದ್ಧ ಗಿದ್ಧ ಆದೀತು," ಎನ್ನುತ್ತಲೇ ಹಸಿರು ಹಲಗೆಗಳನ್ನು ಕಿತ್ತ. ತೊಲೆ ಅವನ ಕೈಯಲ್ಲೇ ಪುಡಿಯಾಯಿತು. ಕೆಳಗಿನ ಕಲ್ಲುಗಳನ್ನು ಕಂಡು ಸುತ್ತಿಗೆ ಕೆಳಗಿಟ್ಟ.

"ಇದನ್ನ ಯಾರು ಇಟ್ಟಿದ್ದು?"

"ನಾನೇ."

ಅವನು ಬಗ್ಗಿ, ಕಲ್ಲಿನ ಮೇಲಿನ ಸಂದಿಗೆ ಬೆರಳು ಹಿಡಿದು ನೋಡಿದ. ಪಕ್ಕದಲ್ಲೇ ಬಿದ್ದಿದ್ದ ಚಪ್ಪಟೆ ಕಲ್ಲನ್ನೂ ನೋಡಿದ. "ಇದೊಂದು ಇಟ್ಟಿದ್ರೆ ಅಲ್ಲಾಡ್ತಾನೇ ಇರ್ಲಿಲ್ಲವಲ್ಲಮ್ಮ," ಎಂದ. ಆ ದಿನವೆಲ್ಲ ಸುತ್ತಿಗೆಯ ಸದ್ದೇ.

ಹೊಸ ತೊಲೆ ಬಂತು, ಹೊಸ ಹಲಗೆ ಬಂತು. ಉಳಿದವುಗಳ ಬಣ್ಣವನ್ನು ಚಿಕ್ಕಮ್ಮ ತಾನೇ ಕೆರೆದು ತೆಗೆದಳು, ಒಣಗಿಸಿ ಎಣ್ಣೆ ಹಚ್ಚಿದಳು. ಕೆರೆಯುವಾಗ ನಡುವಿನ ಬಿಳಿ ಗೆರೆಯೂ ಹೋಯಿತು. ಎಲ್ಲ ಆದ ಮೇಲೆ ತಾನೇ ಹಲಗೆ ಹಲಗೆಯ ಮೇಲೆ ನಿಂತು, ಹಿಮ್ಮಡಿ ಒತ್ತಿ, ಕುಪ್ಪಳಿಸಿ ನೋಡಿದಳು. ಬಂಡೆಯ ಹಾಗೆ ಇತ್ತು.

ಆಮೇಲೆ ದೊಡ್ಡಮ್ಮನ ಹಿಂಬಾಗಿಲಿನಿಂದ ಒಳಗೆ ಹೋದಳು. ಮನೆ ಪಾಲಾದ ಮೇಲೆ ಆ ಬಾಗಿಲು ದಾಟಿರಲಿಲ್ಲ. ದೊಡ್ಡಮ್ಮ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ದಪ್ಪ ಮೈ ಇಳಿದು ತೊಗಲು ಜೋತಿತ್ತು. ನಾಲಗೆ ಮಾತ್ರ ಹಳೆಯದೇ.

"ಬಂದ್ಯಾ? ವಾಸನೇಲೇ ಗೊತ್ತಾಯ್ತು. ಏನದು ಹೊರಗೆ ಅಷ್ಟು ದಿನದಿಂದ ಧಡಬಡ?"

"ಅಕ್ಕ, ನಿಮ್ಮದು ತಲೆಸುತ್ತಲ್ಲ. ನಿಮ್ಮ ಬಾಗಿಲ ಹತ್ರ ತೊಲೆ ಲಡ್ಡಾಗಿತ್ತು. ಅದು ಕುಸೀತಿತ್ತು. ನನಗೆ ಗೊತ್ತಿತ್ತು."

ದೊಡ್ಡಮ್ಮ ಅವಳನ್ನೇ ನೋಡಿದಳು.

"ಯಾವಾಗಿಂದ?"

"ನೀವು ಆ ಮಾತು ಅಂದ್ರಲ್ಲ, ಬಂದವರ ಮುಂದೆ. ಅವತ್ತಿನ ವಾರದಿಂದ."

"ಯಾವ ಮಾತು?"

ನಿಜವಾಗಿಯೂ ನೆನಪಿರಲಿಲ್ಲ ಅವಳಿಗೆ. ಹುಬ್ಬು ಗಂಟಿಕ್ಕಿ ಹುಡುಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಎರಡು ವರ್ಷ ಎದೆಯಲ್ಲಿಟ್ಟು ಕಾದ ಮಾತನ್ನು ಎತ್ತಿ ಹೇಳಲು ಈಗ ಚಿಕ್ಕಮ್ಮನಿಗೆ ನಾಚಿಕೆಯಾಯಿತು.

"ಯಾವುದೋ ಒಂದು. ಬಿಡಿ ಅಕ್ಕ. ನೀವು ಕೇಳ್ತೀರಿ ಅಂತ ಕಾದೆ."

"ನನ್ನ ಕಾಲೇ ಹೋಯ್ತು ಅಂತಿದ್ದೆ ನಾನು. ನಿನ್ನನ್ನ ಏನಂತ ಕೇಳ್ಲಿ?" ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅತ್ತ ನೋಡಿಕೊಂಡೇ ಕೈ ಚಾಚಿದಳು. "ಹಿಡ್ಕೋ. ನೋಡೋಣ ನಿನ್ನ ಕೆಲಸ."

ಒಂದು ಕಡೆ ಮಗಳು, ಒಂದು ಕಡೆ ಚಿಕ್ಕಮ್ಮ. ಬಾಗಿಲಿನವರೆಗೆ ಬರುವಷ್ಟರಲ್ಲಿ ದೊಡ್ಡಮ್ಮನಿಗೆ ಏದುಸಿರು. ಚೌಕಟ್ಟು ಹಿಡಿದು ಕಾಲನ್ನು ಹಲಗೆಯ ಮೇಲೆ ಇಳಿಸಿದಳು, ಎರಡನೆಯದನ್ನೂ ಇಳಿಸಿದಳು. ನಿಂತಳು.

"ಇನ್ನೂ ಅಲ್ಲಾಡ್ತಿದೆಯಲ್ಲೇ."

ಚಿಕ್ಕಮ್ಮ ಕೆಳಗೆ ನೋಡಿದಳು. ಹಲಗೆ ಅಲ್ಲಾಡುತ್ತಿರಲಿಲ್ಲ. ಅದರ ಮೇಲಿನ ಕಾಲುಗಳು ಗಡಗಡ ನಡುಗುತ್ತಿದ್ದವು. ಕೂತೂ ಕೂತೂ ಬತ್ತಿ ಕೋಲಾಗಿದ್ದ ಕಾಲುಗಳು.

"ಹೊಸ ಮರ ಅಕ್ಕ. ಪಳಗೋವರೆಗೂ ಹಾಗೇ," ಎಂದಳು.

ದೊಡ್ಡಮ್ಮನೂ ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡಳು. "ಸುಳ್ಳು ಹೇಳೋಕೂ ಬರಲ್ಲ ನಿನಗೆ," ಎಂದಳು. "ಕುರ್ಚಿ ತಗೊಂಡು ಬಾ."

ಆಮೇಲೆ ಚಿಕ್ಕಮ್ಮ ದಿನವೂ ಕೈ ಹಿಡಿದು ನಡೆಸಲು ನೋಡಿದಳು. ಕಾಲಿಗೆ ಎಣ್ಣೆ ತಿಕ್ಕಿದಳು. ಮರಕ್ಕಾದರೆ ಹಳೆಯದನ್ನು ತೆಗೆದು ಹೊಸದು ಹಾಕಬಹುದು. ಬಾಗಿಲಿನಿಂದ ಕುರ್ಚಿಯವರೆಗೆ, ಕುರ್ಚಿಯಿಂದ ಬಾಗಿಲಿಗೆ, ಅದೂ ಯಾರಾದರೂ ಹಿಡಿದುಕೊಂಡರೆ. ಅದಕ್ಕಿಂತ ಹೆಚ್ಚು ದೊಡ್ಡಮ್ಮ ಮತ್ತೆ ನಡೆಯಲಿಲ್ಲ.

ಸಂಜೆಗಳಲ್ಲಿ ಮತ್ತೆ ಇಬ್ಬರೂ ಕೂರುತ್ತಾರೆ. ಮಳೆ ಮುಗಿದ ಮೇಲೆ ಎರಡೂ ಕಡೆಗೆ ಚಿಕ್ಕಮ್ಮನೇ ಎಣ್ಣೆ ಹಚ್ಚುತ್ತಾಳೆ. ದೊಡ್ಡಮ್ಮ ಕೂತಲ್ಲಿಂದಲೇ ಬೆರಳು ತೋರಿಸುತ್ತಾಳೆ. "ಆ ಮೂಲೆ ಬಿಟ್ಟೆ ನೋಡು. ಕಣ್ಣೇನು ಗುಂಡಿ ಜೊತೆ ಹೊಲಿದುಬಿಟ್ಯಾ?" ಕೆಲಸ ಮುಗಿಯುತ್ತ ಬಂದಾಗ ಪ್ರತಿ ವರ್ಷವೂ ಕೇಳುತ್ತಾಳೆ:

"ಲೇ, ಕೆಳಗೆ ನೋಡಿದ್ಯಾ?"

"ನೋಡ್ತೀನಿ ಅಕ್ಕ."

ಚಿಕ್ಕಮ್ಮ ಜಗಲಿಯಡಿ ನುಸುಳಿ ತೊಲೆಗಳನ್ನು ಒಂದೊಂದಾಗಿ ಚುಚ್ಚುತ್ತಾಳೆ. ಆ ಚಪ್ಪಟೆ ಕಲ್ಲು ಅಲ್ಲೇ ಒಂದು ಬದಿಗೆ ಬಿದ್ದಿದೆ. ಬಡಗಿ ಎಸೆಯುತ್ತೇನೆಂದಾಗ ಅವಳು ಬೇಡವೆಂದಿದ್ದಳು. ಹಲಗೆ ಸಂದಿಯಿಂದ ಮೇಲೆ ನೋಡಿದರೆ ಕುರ್ಚಿಯ ಮುಂದೆ ದೊಡ್ಡಮ್ಮನ ಚಪ್ಪಲಿಗಳ ಅಡಿ ಕಾಣುತ್ತದೆ. ತಂದು ವರ್ಷಗಳಾದರೂ ಸವೆದಿಲ್ಲ.

"ಏನೇ, ಗಟ್ಟಿಯಾಗಿದೆಯಾ?" ಎಂದು ಮೇಲಿನಿಂದ ಕೂಗು ಬರುತ್ತದೆ.

"ಗಟ್ಟಿಯಾಗಿದೆ ಅಕ್ಕ," ಎನ್ನುತ್ತಾಳೆ ಚಿಕ್ಕಮ್ಮ. ಅಂದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಾಳೆ.