ಮಿಲಿಟರಿ ಮೆತ್ತಗಾಯಿತಂತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೆಂಕಿ ಹಚ್ಚಿದವನು ನಾನೇ. ದೊಡ್ಡಪ್ಪನ ಮಗ, ನನ್ನ ಅಣ್ಣ, ಸೈನ್ಯದ ತರಬೇತಿಯಲ್ಲಿ ಎಡ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟು, ರಜೆಯ ಮೇಲೆ ಕ್ಯಾತನಹಳ್ಳಿಗೆ ಬಂದಿದ್ದ. ಅವನು ಬಂದ ವಾರವೇ ನಾನು ಈಗಿನ ಕಾಲದ ಉಸ್ತಾದನ, ಅಂದರೆ ತರಬೇತಿ ಕೊಡುವ ಹವಾಲ್ದಾರನ ದನಿಯಲ್ಲಿ ಒಂದು ಆಡಿಯೋ ಮಾಡಿ ಊರಿನವರ ಮೊಬೈಲ್ ಗ್ರೂಪಿಗೆ ಬಿಟ್ಟೆ. "ಏಳು ಬಂಗಾರ, ಬಿಸ್ಲು ಬಂತು. ಬೂಟು ಒತ್ತುತ್ತಾ? ಬುಡು, ಚಪ್ಲೀಲೇ ಬಾ. ಓಡಕಾಗಲ್ವಾ? ನಡ್ಕಂಡ್ ಬಾ ಕಂದ, ಶತ್ರು ಕಾಯ್ತಾನೆ."

ನಗಲಿ ಎಂದು ಮಾಡಿದ್ದು. ಸೈನ್ಯದ ತರಬೇತಿ ಈಗ ಸಲೀಸು ಎಂಬುದಕ್ಕೆ ಜನ ಅದನ್ನೇ ಸಾಕ್ಷಿ ಮಾಡಿಕೊಂಡರು. ಸಂಜೆಯೊಳಗೆ ಪಕ್ಕದೂರು ಚಿನಕುರಳಿಯ ಕಟಿಂಗ್ ಶಾಪಿನಲ್ಲೂ ಅದೇ ಕೇಳುತ್ತಿತ್ತು. ಮಾರನೇ ಬೆಳಿಗ್ಗೆ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಸಾಲೆಲ್ಲ ಜನರಲ್‌ಗಳೇ. "ಮಿಲ್ಟ್ರಿ ಮೆತ್ಗಾಗೋಯ್ತು ಕಣ್ಲಾ" ಎಂದವನು ಕೂಗಳತೆಯ ಗದ್ದೆಗೂ ಬೈಕಿನಲ್ಲೇ ಹೋಗುವ ಆಸಾಮಿ. ನಾನೇನು ಕಮ್ಮಿಯೇ? ಸೈನ್ಯದ ಭರ್ತಿಯ ಓಟದಲ್ಲಿ ಎರಡನೇ ಸುತ್ತಿಗೇ ಪಕ್ಕೆ ಹಿಡಿದುಕೊಂಡು ಕೂತವನು. ಆದರೂ "ಹೂಂ ಕಣಣ್ಣ" ಎಂದೆ.

ಇವರೆಲ್ಲರ ನೆತ್ತಿಯ ಮೇಲೆ ನಮ್ಮ ಮಾವ. ದೊಡ್ಡಮ್ಮನ ತಮ್ಮ, ನಿವೃತ್ತ ಹವಾಲ್ದಾರರು. ಊರ ಹುಡುಗರನ್ನು ಮುಂಜಾನೆ ನಾಲೆ ಏರಿ ಮೇಲೆ ಓಡಿಸಿ ಭರ್ತಿಗೆ ಅಣಿ ಮಾಡುವವರು. ಅಣ್ಣನನ್ನು ಸೈನ್ಯಕ್ಕೆ ಕಳಿಸಿದ್ದೂ ಅವರೇ. ನನ್ನ ಆಡಿಯೋ ಅವರಿಗೆ ನಗು ತರಿಸಲಿಲ್ಲ, ಭಾಷಣ ತರಿಸಿತು. "ಭಾನ್ವಾರ ಮೊಬೈಲ್ ಕೊಡ್ತಾರಂತೆ! ನೋವು ಅಂದ್ರೆ ಎಕ್ಸ್‌ರೇ ಅಂತೆ! ನಮ್ ಕಾಲ್ದಲ್ಲಿ ಬೂಟಿನ ಸೈಜು ಕೇಳಂಗಿರ್ಲಿಲ್ಲ. ಕಾಲಿಗೆ ಬೂಟಲ್ಲ ಕಣ್ಲಾ, ಬೂಟಿಗೆ ಕಾಲು!" ದಿನವೂ ಇದೇ. ಎಷ್ಟು ಸಲ ಕೇಳಿದೆನೆಂದರೆ, ಅವರು ನಡುವೆ ಮೂಗಿನಲ್ಲಿ ಗಾಳಿ ಎಳೆಯುವ ಜಾಗವೂ ನನಗೆ ಬಾಯಿಪಾಠವಾಯಿತು.

ಅಣ್ಣನ ನಡಿಗೆಯ ನಕಲು ತೆಗೆಯಲು ಹೋದಾಗಲೇ ನನಗೆ ಗೊತ್ತಾಗಿದ್ದು: ಎಡ ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವ ಮೊದಲೇ ಉಸಿರು ಹಿಡಿದು ಎತ್ತಿಬಿಡುತ್ತಾನೆ. ಅಂಗಳದಲ್ಲಿ ಹತ್ತು ಹೆಜ್ಜೆ ಹಾಗೆ ನಡೆದದ್ದಕ್ಕೇ ನನ್ನ ಸೊಂಟ ಹಿಡಿಯಿತು. ಅಷ್ಟು ಮೆತ್ತಗಿನ ತರಬೇತಿಯಲ್ಲಿ ಮೂಳೆ ಹೇಗಪ್ಪಾ ಬಿರಿಯಿತು ಎಂದು ಊರಲ್ಲಿ ಒಬ್ಬನಾದರೂ ಕೇಳಬೇಡವೇ? ಆರು ವಾರ ಓಡಬಾರದು ಎಂದಿದ್ದರು ಡಾಕ್ಟರು. ಮೂಳೆ ಕೂಡಿಕೊಂಡರೆ ಮುಂದಿನ ತಂಡದ ಜೊತೆ ತರಬೇತಿ ಮುಂದುವರಿಯುತ್ತದೆ. ಮತ್ತೆ ಮುರಿದರೆ ಸೈನ್ಯದ ಆಸೆ ಅಲ್ಲಿಗೆ ಮುಗಿಯಿತು.

ಮೂರನೇ ವಾರ ಮಾವ ಜಗಲಿಗೆ ಬಂದು ಆಜ್ಞೆ ಹೊರಡಿಸಿದರು. "ನಾಳೆ ಬೆಳಿಗ್ಗೆ ನಾಲೆ ಏರಿ ಮೇಲೆ ಐದು ಸುತ್ತು ಓಡು. ಊರ್ನೋರ ಬಾಯಿ ಮುಚ್ಸು."

ಅಣ್ಣ "ಆಯ್ತು ಮಾವ" ಎಂದವನೇ ಒಳಗಿಂದ ಬೂಟು ತಂದು ಲಾಡಿ ಪೋಣಿಸುತ್ತ ಕೂತ.

"ಬ್ಯಾಡ ಮಾವ. ಆ ಆಡಿಯೋ ನಾನು ತಮಾಸೆಗೆ ಮಾಡಿದ್ದು, ಅಲ್ಲೇನೂ ಅಂಗಿಲ್ಲ" ಎಂದೆ.

"ನೀನು ಸುಮ್ಕಿರ್ಲಾ ರೇಡಿಯೋ" ಎಂದು ಗದರಿದರು. "ಅತ್ಕಂಡು ಮನೆಗ್ ಬರೋ ವಂಸ ಅಲ್ಲ ನಮ್ದು. ಒಂದಿನ ಆದ್ರೂ ನಾನು ಟ್ರೈನಿಂಗ್ನಲ್ಲಿ ಕಣ್ಣೀರು ಹಾಕಿದ್ನಾ? ಕೇಳು ನಿಮ್ ದೊಡ್ಡಮ್ಮನ್ನ!"

ಮಾವ ಆ ಹೆಸರು ಎತ್ತಬಾರದಿತ್ತು. ಮಾರನೇ ಬೆಳಿಗ್ಗೆ ನಾಲೆ ಏರಿ ಮೇಲೆ ಅಣ್ಣ ಓಡಲಿಲ್ಲ. ಮಾವನೂ ಒಂದು ವಾರ ಡೈರಿ ಕಡೆ ಸುಳಿಯಲಿಲ್ಲ. ಮಾವ ಆ ಮಾತು ಆಡಿದ ಗಳಿಗೆಯಲ್ಲೇ, ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ, ತಲೆ ಕೂಡ ಎತ್ತದೆ, ತಮ್ಮನಿಗೆ ಹೇಳಿದ್ದು ಇಷ್ಟೇ:

"ಅವ್ವುಂಗೆ ಓದಕ್ ಬರ್ತಿರ್ಲಿಲ್ಲ ಕಣ್ಲಾ, ನೀನು ಟ್ರೈನಿಂಗಿಂದ ಬರೀತಿದ್ದ ಕಾಗ್ದನೆಲ್ಲ ಓದಿ ಏಳ್ತಿದ್ದೋಳು ನಾನು. 'ಅಪ್ಪನ್ನ ಕಳ್ಸಿ ನನ್ನ ಕರ್ಸ್ಕೊಳವ್ವ' ಅಂತ ಎಷ್ಟು ಕಾಗ್ದ ಬರ್ದಿದ್ದೆ ಅಂತ ನಾನ್ ಏಳ್ಬೇಕಾ, ನೀನೇ ಏಳ್ತೀಯಾ?"