ಹಡಗಿನ ನಡುವಿನ ಕೋಣೆ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಕೊಲಂಬಿನಲ್ಲಿ ಹೊಗೆಸೊಪ್ಪಿನ ಅಂಗಡಿ ಇಟ್ಟಿದ್ದರು. ಅವರಿಗೆ ಹೆಣ್ಣುಮಗು ಹುಟ್ಟಿದ ಕಾಗದ ನಮ್ಮೂರು ಕಂಬಂಗೆ ಬಂದಾಗ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೀಸತೊಡಗಿತ್ತು. ಗಾಳಿ ಇಳಿದ ಮೇಲೆ ಹೊರಡೋಣ ಎಂದರು ನನ್ನ ಗಂಡ. ಅತ್ತೆ ಒಪ್ಪಲಿಲ್ಲ.

"ಅಷ್ಟೊತ್ತಿಗೆ ಕೂಸು ಮಗುಚಿ ಬೀಳ್ತದೆ. ನಾ ಎತ್ತಿಕೊಳ್ಳೋದು ಯಾವಾಗಪ್ಪ?" ಎಂದವರೇ ಉಂಡೆ ಕಟ್ಟಲು ಎಳ್ಳು ಹುರಿಯತೊಡಗಿದರು.

ಅವ್ವನನ್ನು ಬಿಸಿಲಲ್ಲಿ ಹಡಗಿನ ಮೇಲ್ತಟ್ಟಿನ ಮೇಲೆ ಕೂರಿಸಬೇಡ, ಕೋಣೆಯನ್ನೇ ಹಿಡಿ ಎಂದು ಭಾವ ಬರೆದಿದ್ದರು. ನಾವು ಮೂವರೂ ಎತ್ತಿನ ಗಾಡಿಯಲ್ಲಿ ತೇನಿ ದಾಟಿ, ಮೂರು ದಿನಕ್ಕೆ ದಿಂಡಿಗಲ್ ಸೇರಿದೆವು. ಅಲ್ಲಿ ಭಾವನಿಗೆ ಹೊಗೆಸೊಪ್ಪು ಕಳಿಸುವ ವ್ಯಾಪಾರಿ ಹಲವು ಸಲ ಹಡಗು ಹತ್ತಿದವರು. ಹಿಂಭಾಗದಲ್ಲಿ ಕಿಟಕಿಯಿರುವ ಕೋಣೆಯೇ ಒಳ್ಳೆಯದು ಎಂದು ಹೇಳಿ, ಅದನ್ನೇ ಗೊತ್ತುಮಾಡಿಸಿದರು. ನಾನು ಅದುವರೆಗೆ ಕಡಲನ್ನೇ ಕಂಡವಳಲ್ಲ. ಮಲಗಿದಲ್ಲಿಂದಲೇ ಕಡಲು ನೋಡಬಹುದೆಂದು ತೂತುಕುಡಿಯ ರೈಲಿನ ದಾರಿಯುದ್ದಕ್ಕೂ ಹಿಗ್ಗುತ್ತಿದ್ದೆ.

ತೂತುಕುಡಿಯಲ್ಲಿ ಹಡಗು ದಡದಿಂದ ಬಹುದೂರ ನಿಂತಿತ್ತು. ದೋಣಿಯಲ್ಲಿ ಹೋಗಿ, ಏಣಿ ಹತ್ತಿ, ನಮ್ಮ ಕೋಣೆ ಹುಡುಕಿಕೊಂಡೆವು. ಗೋಡೆಗೆ ಕೂರಿಸಿದ ನಾಲ್ಕು ಮಲಗುವ ಹಲಗೆಗಳು, ತಟ್ಟೆಯಷ್ಟಗಲದ ದುಂಡು ಕಿಟಕಿ, ಅದರ ತುಂಬ ನೀಲಿ ನೀರು. ನಾನು ಕಿಟಕಿಗೆ ಮುಖವಿಟ್ಟು ನಿಂತುಬಿಟ್ಟೆ. ಅತ್ತೆ ಮಾತ್ರ ಒಳಗೆ ಕೂರಲಿಲ್ಲ. ಹೊರಗಿನ ಓಣಿಯಲ್ಲಿ ಆ ತುದಿಯವರೆಗೂ ನಡೆದುಹೋಗಿ, ತಿರುಗಿ ಬಂದರು.

"ಇದು ಬ್ಯಾಡ. ನಡುವಾಗ ಇರೋ ರೂಮು ಕೇಳು."

"ಯಾಕವ್ವಾ? ಜನ್ನಲು ಐತೆ, ಗಾಳಿ ಬರ್ತದೆ."

"ನಮ್ಮಪ್ಪ ಏತ ತುಳೀತಿದ್ದೋರು ಕಣಪ್ಪ. ಏತದ ಮರದ ತುದೀಲಿ ನಿಂತೋನು ಮ್ಯಾಲಕ್ಕೂ ಹೋಗ್ತಾನೆ, ಕೆಳಕ್ಕೂ ಬರ್ತಾನೆ. ನಡುವೆ ಕವೆ ಹತ್ರ ನಿಂತೋನು ನಿಂತಂಗೇ ಇರ್ತಾನೆ. ನಾವು ಹತ್ತಿರೋ ಈ ಕಪ್ಪಲು ಮಾತ್ರ ಬ್ಯಾರೆಯೇನು?"

"ಕಡಲು ನಮ್ಮ ತ್ವಾಟದ ಬಾವಿ ಅಲ್ಲವ್ವಾ," ಎಂದು ನನ್ನ ಗಂಡ ನಕ್ಕರು. ಆದರೂ ಅವ್ವನ ಮಾತು ಮೀರುವವರಲ್ಲ. ಒಬ್ಬ ನಾವಿಕನನ್ನು ಕರೆತಂದರು. ಅವನು ತೂತುಕುಡಿಯವನೇ. ಅತ್ತೆ ಅವನನ್ನು "ಅಣ್ಣಾಚ್ಚಿ" ಎಂದು ಕರೆದು ತಮಿಳಿನಲ್ಲಿ ವಿಚಾರಿಸಿದರು. ನಡುವೆ ಎರಡು ಕೋಣೆಗಳಿದ್ದವು. ಖಾಲಿಯಿದ್ದ ಒಂದರ ಗೋಡೆಗೆ ಅತ್ತೆ ಅಂಗೈ ಇಟ್ಟು, ತಟ್ಟನೆ ತೆಗೆದರು. ಗೋಡೆಯಾಚೆ ಹಡಗಿನ ಒಲೆ ಉರಿಯುತ್ತಿತ್ತು. ಇನ್ನೊಂದರಲ್ಲಿ ಮಧುರೆಯ ಕಡೆಯ ಒಬ್ಬ ಮೇಷ್ಟರೂ ಅವರ ಹೊಸ ಹೆಂಡತಿಯೂ ಇದ್ದರು. ಅದಕ್ಕೆ ಕಿಟಕಿಯಿಲ್ಲವೆಂದು ಆ ಹುಡುಗಿ ಮುಖ ಊದಿಸಿಕೊಂಡಿದ್ದಳು. ಕೋಣೆ ಬದಲಿಸಿಕೊಳ್ಳೋಣವೇ ಎಂದು ಅತ್ತೆ ಕೇಳಿದ್ದೇ ತಡ, ಅವಳು ಗಂಟು ಎತ್ತಿಕೊಂಡು ಓಡಿದಳು. ಈಗ ಮುಖ ಊದಿಸುವ ಸರದಿ ನನ್ನದಾಯಿತು. ಅತ್ತೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತೆ.

ಹಡಗು ಹೊರಟು, ದೀಪ ಹಚ್ಚುವ ವೇಳೆಗೆ ಕಡಲು ಎದ್ದಿತು. ನಮ್ಮ ಚೆಂಬಿನ ನೀರು ತುಳುಕಾಡಿತೇ ಹೊರತು ಚೆಲ್ಲಲಿಲ್ಲ. ನಕ್ಕಿದ್ದ ನನ್ನ ಗಂಡ ಹುಳಿಯನ್ನವನ್ನು ಎರಡನೆಯ ಸಲ ಹಾಕಿಸಿಕೊಂಡರು. ಅಷ್ಟರಲ್ಲಿ ಹಿಂದಿನ ಕಡೆಯಿಂದ ಯಾರೋ ಅಳುವುದು ಕೇಳಿಸಿತು.

"ಆ ಹುಡುಗೀನೇ ಅದು. ಎದ್ದೇಳವ್ವ," ಎಂದು ಅತ್ತೆ ನನ್ನನ್ನು ಎಬ್ಬಿಸಿದರು. ನಿಂಬೆ ಉಪ್ಪಿನಕಾಯಿಯ ಜಾಡಿ ಹಿಡಿದು, ಗೋಡೆಗೆ ಒರಗಿಕೊಂಡೇ ನಡೆದೆವು. ಹೋದಷ್ಟೂ ಕಾಲಕೆಳಗಿನ ನೆಲ ಏರಿ ಇಳಿಯುವುದು ಹೆಚ್ಚಾಯಿತು. ನಾನು ಆಸೆಪಟ್ಟ ಕಿಟಕಿಯ ಕೆಳಗೆ ಆ ಹುಡುಗಿ ನೆಲದಲ್ಲಿ ಮುದುಡಿಕೊಂಡಿದ್ದಳು. ಮೇಷ್ಟರು ತಲೆಗೆ ಪಂಚೆ ಬಿಗಿದುಕೊಂಡು ಕಣ್ಣೇ ತೆರೆಯದೆ ಬಿದ್ದಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಅತ್ತೆ ಅವಳ ಬಾಯಿಗೆ ನಿಂಬೆ ಹೋಳಿಟ್ಟು ಎಬ್ಬಿಸಿದರು. ನನ್ನ ಗಂಡ ಬಂದು ಮೇಷ್ಟರಿಗೆ ಹೆಗಲು ಕೊಟ್ಟರು. ಇಬ್ಬರನ್ನೂ ನಮ್ಮ ಕೋಣೆಗೇ ತಂದೆವು. ಇದ್ದದ್ದು ನಾಲ್ಕು ಹಲಗೆ, ನಾವು ಐವರು. ನನ್ನ ಗಂಡ ನೆಲದಲ್ಲಿ ಜಮಖಾನ ಹಾಸಿಕೊಂಡರು. ಹುಡುಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತಿಗೆಲ್ಲ ನಿದ್ದೆಹೋದಳು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ಗೊತ್ತಾಗಲಿಲ್ಲ.

ಬೆಳಗಿನ ಬೆಳಕಿಗೆ ಅವಳೇ ನನ್ನನ್ನು ಎಬ್ಬಿಸಿದಳು. "ಅಕ್ಕಾ, ಮೇಲೆ ಹೋಗೋಣ ಬನ್ನಿ," ಎಂದಳು ತಮಿಳಿನಲ್ಲಿ. ಇಬ್ಬರೂ ಮೇಲ್ತಟ್ಟಿನ ಕಂಬಿ ಹಿಡಿದು ನಿಂತೆವು. ನಾಲ್ಕೂ ದಿಕ್ಕಿಗೆ ಕಡಲು, ಮುಖಕ್ಕೆ ಉಪ್ಪಿನ ಹನಿ, ದೂರದಲ್ಲಿ ತೆಂಗಿನ ಮರಗಳ ಗೆರೆ. ತಟ್ಟೆಯಗಲದ ಕಿಟಕಿಯಲ್ಲಿ ಇಷ್ಟೆಲ್ಲ ಹಿಡಿಸುತ್ತಿರಲಿಲ್ಲ. ಇಳಿಯುವವರೆಗೂ ನಾವು ಒಳಗೆ ಹೋಗಲೇ ಇಲ್ಲ.

ದಡದಲ್ಲಿ ಭಾವ ಕಾದಿದ್ದರು. ಮನೆಯ ಬಾಗಿಲಲ್ಲಿ ನಮ್ಮ ಓರಗಿತ್ತಿ ಮಗುವನ್ನು ಮುಂದೆ ಚಾಚಿದಳು. ಅಷ್ಟು ಆತುರದಿಂದ ಬಂದಿದ್ದ ಅತ್ತೆ ಕೈ ನೀಡದೆ, ಮೊದಲು ಹೊಸ್ತಿಲ ಪಕ್ಕದ ಜಗುಲಿಯಲ್ಲಿ ಭದ್ರವಾಗಿ ಕೂತರು.

"ನೆಲ ಇನ್ನೂ ಆಡ್ತದೆ ನಂಗೆ. ಕೂತ್ಕಂಡೇ ತಗಂತೀನಿ. ತಾ ಇಲ್ಲಿ," ಎಂದು ಎರಡು ಕೈಯನ್ನೂ ಚಾಚಿದರು.