ಆಯಿಯ ಅವ್ವನ ಹೆಸರು

ಸಂಸ್ಥಾನ ಹೋಗಿ ನಮ್ಮ ಮುಧೋಳ ಸೀಮೆ ಮುಂಬೈ ಸರ್ಕಾರಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ಅದರ ಮುಂದಿನ ಶಾಲೆ ನಮ್ಮೂರಲ್ಲಿರಲಿಲ್ಲ, ಹೆಣ್ಣುಮಗಳನ್ನು ಓದಲು ಹೊರಗೆ ಕಳಿಸುವ ರೂಢಿಯೂ ಇರಲಿಲ್ಲ. ಘಟಪ್ರಭೆಯ ದಂಡೆಯಲ್ಲಿ ಒಂದಿಷ್ಟು ಕಬ್ಬು, ಮೇಲಿನ ಹೊಲದಲ್ಲಿ ಜೋಳ, ನಲವತ್ತು ಕುರಿ. ಮನೆಯಲ್ಲಿ ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು.

ಆಯಿಗೆ ಕೌದಿ ಹೊಲಿಯುವ ಹುಚ್ಚು. ಹಳೆಯ ಸೀರೆ, ಹರಿದ ಧೋತರ, ಯಾರದೋ ಮನೆಯ ಕುಪ್ಪಸದ ತುಂಡು, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಹೊದೆಯುವ ಜನಕ್ಕಿಂತ ಕೌದಿಗಳೇ ಹೆಚ್ಚಾಗಿದ್ದವು. ಸಾಕು ಮಾಡು ಎಂದು ಅವ್ವ ಹೇಳಿದರೆ ಆಯಿಗೆ ಕೇಳಿಸುತ್ತಿರಲಿಲ್ಲ.

ಆ ವರ್ಷ ಜೋಳದ ರಾಶಿ ಮುಗಿದ ಮೇಲೆ ಹೆಳವ ಬಂದ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಮನೆಮನೆಗೆ ಬಂದು ಆ ಮನೆತನದ ಹಿರಿಯರ ಹೆಸರು ಹೇಳುವುದು ಅವರ ವಂಶದ ಕಸುಬು. ಅಪ್ಪ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತ. ಹೆಳವ ಕಣ್ಣು ಮುಚ್ಚಿ ಏಳು ತಲೆ ಹಿಂದಕ್ಕೆ ಹೋದ. ಯಾರು ಯಾವ ಊರಿನಿಂದ ಕುರಿ ಹೊಡೆದುಕೊಂಡು ಬಂದರು, ಯಾರು ಮೊದಲು ಬೀರಪ್ಪನ ಗುಡಿಗೆ ಕಲ್ಲು ಹೊತ್ತರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಒಂದೂ ಹೆಂಗಸಿನ ಹೆಸರು ಬರಲಿಲ್ಲ.

"ಅಜ್ಜಾರ, ನಮ್ಮ ಆಯಿ ಹೆಸರ ಹೇಳಲಿಲ್ಲರಿ" ಎಂದೆ.

ಅಪ್ಪ ನನ್ನನ್ನು ಕೆಕ್ಕರಿಸಿ ನೋಡಿದ. ಹೆಳವನಿಗೆ ಸಿಟ್ಟು ಬರಲಿಲ್ಲ. "ಹೆಣ್ಣಮಕ್ಕಳ ಹೆಸರ ನಮ್ಮ ಹಿರ್ಯಾರು ನಮಗ ಕಲಿಸಿಲ್ಲವ್ವಾ. ಗೊತ್ತಿಲ್ಲದ್ದ ನಾ ಹೆಂಗ ಹೇಳ್ಲಿ?" ಎಂದ. ಜೋಳ ಮತ್ತು ಒಂದು ಕಂಬಳಿ ತೆಗೆದುಕೊಂಡು ಮುಂದಿನ ಮನೆಗೆ ಹೋದ.

ಅವನು ಹೋದ ಮೇಲೆ ನನ್ನ ಶಾಲೆಯ ನೋಟಬುಕ್ಕಿನ ಉಳಿದ ಹಾಳೆಗಳಲ್ಲಿ ನಾನೇ ಬರೆಯಲು ಕೂತೆ. ಮೊದಲು ನನ್ನ ಹೆಸರು, ಅವ್ವನ ಹೆಸರು, ಆಯಿಯ ಹೆಸರು. ಆಮೇಲೆ ಆಯಿಯನ್ನು ಕೇಳಿದೆ.

"ಆಯಿ, ನಿಮ್ಮವ್ವನ ಹೆಸರ ಏನಬೇ?"

ಆಯಿ ಸೂಜಿ ನಿಲ್ಲಿಸಿದಳು. "ಅವ್ವ ಅಂತಿದ್ದೆ."

"ಮಂದಿ ಏನಂತಿದ್ರು?"

"ರಬಕವಿಯಾಕಿ ಅಂತಿದ್ರು. ರಬಕವಿಯಿಂದ ಬಂದಾಕಿ, ಅದಕ್ಕ." ಮತ್ತೆ ಸೂಜಿ ಚುಚ್ಚುತ್ತ, "ಖರೇ ಹೆಸರ ನನಗ ಗೊತ್ತಿಲ್ಲ" ಎಂದಳು.

ಆಯಿಗೆ ಒಂಬತ್ತನೆಯ ವರ್ಷಕ್ಕೆ ಲಗ್ನವಾಗಿತ್ತು. ಮರುವರ್ಷವೇ ಅವಳ ತಾಯಿ ತೀರಿಕೊಂಡಿದ್ದಳು. ತಾಯಿಯ ಬಗ್ಗೆ ಅವಳಿಗೆ ನೆನಪಿದ್ದದ್ದು ಒಂದೇ. ಆಕೆ ಎಲ್ಲ ಕೆಲಸವನ್ನೂ ಎಡಗೈಯಲ್ಲಿ ಮಾಡುತ್ತಿದ್ದಳು. ಎಡಗೈಯಲ್ಲಿ ರೊಟ್ಟಿ ನೀಡಿದಳೆಂದು ಆಕೆಯ ಅತ್ತೆ ಹೊಡೆದದ್ದನ್ನು ಆಯಿ ಕಣ್ಣಾರೆ ನೋಡಿದ್ದಳು.

ಹೆತ್ತ ತಾಯಿಯ ಹೆಸರು ಗೊತ್ತಿಲ್ಲದೆ ಒಬ್ಬಳು ಮುದುಕಿಯಾಗಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆ ಹೆಸರು ಹುಡುಕಿಯೇ ಬಿಡುವುದು ಎಂದು ಆ ಕ್ಷಣವೇ ನಿಶ್ಚಯ ಮಾಡಿದೆ.

ಅಪ್ಪ ಬೀಳಗಿ ಕಡೆಗೆ ಟಗರು ನೋಡಲು ಹೋಗುವವನಿದ್ದ. ಆಯಿಯ ತವರೂರು ಅದೇ ದಾರಿಯಲ್ಲಿ. ಅವನು ರೊಟ್ಟಿಗೆ ಕೂತಾಗಲೆಲ್ಲ ನಾನೂ ಬರುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ.

"ಬೆಳದ ಹುಡುಗಿನ್ನ ಊರೂರು ತಿರಗಸಬ್ಯಾಡ್ರಿ. ಮಂದಿ ಏನಂದಾರು?"

"ತನ್ನ ಆಯಿ ತವರಮನಿಗೆ ಹೊಂಟಾಳ ಅಂದಾರು" ಎಂದೆ ನಾನು. ಅಪ್ಪನಿಗೆ ನಗು ಬಂತು. ನಾಲ್ಕನೆಯ ದಿನ ಕರೆದುಕೊಂಡು ಹೋದ.

ತವರಲ್ಲಿ ಆಯಿಯ ತಮ್ಮನಿದ್ದ. ಹಲ್ಲಿಲ್ಲದ, ಮೆತ್ತಗಿನ ಮನುಷ್ಯ. ನನ್ನ ಪ್ರಶ್ನೆ ಕೇಳಿ ಪೆಚ್ಚಾದ.

"ಅವ್ವ ಹೋದಾಗ ನಾ ಹಾಲ ಕುಡಿಯೂ ಕೂಸು. ನಮ್ಮಪ್ಪ ಆಕಿ ಹೆಸರ ಬಾಯಾಗ ತರಲೇ ಇಲ್ಲ. ರಬಕವಿಯಾಕಿ ಅಂದ್ರ ಊರಿಗೆಲ್ಲ ತಿಳೀತಿತ್ತು. ಯಾರೂ ಹೆಸರ ಕೇಳಲಿಲ್ಲ, ಯಾರೂ ಹೇಳಲಿಲ್ಲ."

"ರಬಕವಿ ಮಂದಿ ಬಂದು ಹೋಗಿ ಮಾಡತಿದ್ರೇನು?"

"ಅವ್ವ ಸತ್ತ ಮ್ಯಾಲ ಬರೂದು ಬಿಟ್ರು. ಏನೋ ಮಾತಿಗೆ ಮಾತು ಬೆಳೀತಂತ."

ಊರಿನ ಇನ್ನಿಬ್ಬರು ಹಿರಿಯರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಟಗರನ್ನು ಹಗ್ಗ ಕಟ್ಟಿ ಎಳೆದುಕೊಂಡು ವಾಪಸು ಬಂದೆವು. ಇನ್ನು ಆ ಮಾತು ಬಿಡು ಎಂದ ಅಪ್ಪ. ನಾನು ನೋಟಬುಕ್ಕಿನಲ್ಲಿ ಆಯಿಯ ಹೆಸರಿನ ಕೆಳಗೆ ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ರಬಕವಿ ಎಂದು ಬರೆದೆ.

ಗಾಣದ ಹಂಗಾಮಿನಲ್ಲಿ ಅಪ್ಪ ಗಾಡಿಗೆ ಬೆಲ್ಲ ಹೇರಿಕೊಂಡು ಮಹಾಲಿಂಗಪುರದ ಪೇಟೆಗೆ ಹೋಗುತ್ತಿದ್ದ. ಅಲ್ಲಿಂದ ರಬಕವಿ ದೂರವಲ್ಲ. ಎರಡನೆಯ ಗಾಡಿ ಹೊರಡುವಾಗ ನಾನು ಬೆಲ್ಲದ ಪೆಂಟೆಗಳ ಮೇಲೆ ಹತ್ತಿ ಕೂತುಬಿಟ್ಟೆ. ಈ ಸಲ ಅವ್ವ ಬೇಡ ಎನ್ನಲಿಲ್ಲ. ರೊಟ್ಟಿಯ ಗಂಟು ತಂದು ಮಡಿಲಿಗೆ ಹಾಕಿ, "ನಮ್ಮವ್ವನ ಕಡೀದೂ ಮುಂದ ಬರಕೊ. ನನಗ ಮೂರು ತಲಿ ಗೊತ್ತೈತಿ" ಎಂದಳು.

ಪೇಟೆಯಲ್ಲಿ ಬೆಲ್ಲ ಇಳಿಸಿ, ಎತ್ತುಗಳನ್ನು ಪರಿಚಯದವರ ಹತ್ತಿರ ಕಟ್ಟಿ, ಅಪ್ಪ ಮತ್ತು ನಾನು ಮೋಟಾರು ಬಸ್ಸಿನಲ್ಲಿ ರಬಕವಿಗೆ ಹೋದೆವು. ಓಣಿಗಳ ತುಂಬ ಮಗ್ಗದ ಸಪ್ಪಳ. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಗಳಕ್ಕೆ ಒಣಗಹಾಕಿದ್ದರು, ತಲೆ ಬಗ್ಗಿಸಿ ದಾಟಬೇಕಿತ್ತು. ನಮ್ಮ ಕುರುಬರ ಓಣಿ ಬೀರಪ್ಪನ ಗುಡಿಯ ಹಿಂದೆ ಎಂದು ಯಾರೋ ತೋರಿಸಿದರು.

ಮೊದಲನೆಯ ಮನೆಯವರು, "ಹೆಸರ ಗೊತ್ತಿಲ್ಲ, ಆಕಿ ಸತ್ತು ಐವತ್ತು ಅರವತ್ತು ವರ್ಷಾತು, ಮತ್ತ ಯಾರನ್ನ ಹುಡಕತೀರಿ?" ಎಂದರು. ಎರಡನೆಯ ಮನೆಯಲ್ಲಿ ನಕ್ಕರು. ಅಪ್ಪನಿಗೆ ಅವಮಾನವಾಯಿತು.

"ನಡಿ ಯವ್ವಾ. ಎತ್ತು ಹಾದಿ ನೋಡತಾವು."

"ನೀ ಹೋಗಪ್ಪಾ. ಈ ಓಣಿ ಮುಗಿಯೂತನಕ ನಾ ಬರೂದಿಲ್ಲ."

ಅಪ್ಪನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವನು ಗುಡಿಯ ಕಟ್ಟೆಯ ಮೇಲೆ ಕೂತು ಎಲೆಅಡಿಕೆಯ ಚಂಚಿ ಬಿಚ್ಚಿದ. ನಾನು ಒಬ್ಬಳೇ ಮುಂದೆ ಹೋದೆ. ಐದನೆಯದೋ ಆರನೆಯದೋ ಮನೆಯ ಅಂಗಳದಲ್ಲಿ ಒಬ್ಬ ಮುದುಕಿ ಉಣ್ಣೆ ನೂಲುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು. ಮುಖ ಕಾಣದಿದ್ದರೂ ದನಿ ಬಂದ ಕಡೆಗೆ ತಿರುಗಿದಳು. ನಾನು ಆಯಿಯ ತವರೂರಿನ ಹೆಸರು ಹೇಳಿದೆ, ಆ ಊರಿಗೆ ಈ ಓಣಿಯಿಂದ ಒಬ್ಬಳನ್ನು ಕೊಟ್ಟಿದ್ದರಂತೆ ಎಂದೆ.

"ಆ ಊರಿಗೆ ಇಬ್ಬರನ್ನ ಕೊಟ್ಟಾರ. ಯಾವಾಕಿ?"

"ಎಡಗೈಯಾಕಿ ರಿ."

ಮುದುಕಿ ಕದಿರು ಕೆಳಗಿಟ್ಟಳು. "ಆಕಿ ನಮ್ಮಕ್ಕ" ಎಂದಳು.

ಈ ಮುದುಕಿಯನ್ನು ಅದೇ ಓಣಿಯ ಮನೆಗೆ ಕೊಟ್ಟಿದ್ದರಂತೆ, ಹೀಗಾಗಿ ಅಲ್ಲಿಯೇ ಇದ್ದಳು. ಅಕ್ಕನನ್ನು ಹೊಡೆದು ಹೊಡೆದು ಕೊಂದರೆಂದು ಅವರಪ್ಪ ನಂಬಿದ್ದ. ಅದಕ್ಕೇ ಆ ಊರಿನ ಕಡೆ ಯಾರೂ ಹೆಜ್ಜೆ ಇಟ್ಟಿರಲಿಲ್ಲ. ಹೊಡೆತದಿಂದಲೋ ಬಾಣಂತಿತನದ ಜ್ವರದಿಂದಲೋ, ನಿಜ ಅವಳಿಗೂ ಗೊತ್ತಿರಲಿಲ್ಲ. ಹೆಸರು ಕೇಳಿದೆ. ಹೇಳಿದಳು. ನಮ್ಮ ಕಡೆ ಓಣಿಗೆ ಇಬ್ಬರಿಗಾದರೂ ಇರುವಂಥ ಸಾದಾ ಹೆಸರು. ಮನೆಯವರ ಹೆಸರನ್ನು ಅಚ್ಚಾಗುವ ಪುಸ್ತಕದಲ್ಲಿ ಹಾಕುವುದು ನನಗೆ ಸರಿ ಬರುವುದಿಲ್ಲ, ಹಾಗಾಗಿ ಇಲ್ಲಿ ಬರೆದಿಲ್ಲ. ನೋಟಬುಕ್ಕಿನಲ್ಲಿ ಅಲ್ಲಿಯೇ ನಿಂತು ಬರೆದುಕೊಂಡೆ. ಅವರ ತಾಯಿಯ ಹೆಸರನ್ನೂ ಹೇಳಿದಳು. ಅದರ ಆಚೆಗೆ ಅವಳಿಗೂ ತಿಳಿದಿರಲಿಲ್ಲ.

ಮರುದಿನ ಮನೆಗೆ ಬಂದು ಆಯಿಯ ಮುಂದೆ ಕೂತು ಹೆಸರು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಆಯಿ ಅಳಲಿಲ್ಲ. ಹಿತ್ತಲ ಗೋಡೆಯ ಕಡೆ ನೋಡಿದಳು. ಗೋಡೆಯಾಚೆಯ ಮನೆಯ ಮುದುಕಿಗೂ ಅದೇ ಹೆಸರು. ಕೋಳಿ ದಾಟಿ ಬಂದವೆಂದು ಇಪ್ಪತ್ತು ವರ್ಷದಿಂದ ಆಯಿ ಆ ಹೆಸರು ಹಿಡಿದು ಬೈಯುತ್ತಿದ್ದಳು.

"ಇನ್ನ ಆಕಿಗೆ ಹೆಂಗ ಬೈಯ್ಲಿ?" ಎಂದಳು. ಅವ್ವ ನಗು ತಡೆಯಲು ಸೆರಗು ಬಾಯಿಗಿಟ್ಟು ಒಳಗೆ ಹೋದಳು.

ಆಮೇಲೆ, "ನಿಮ್ಮವ್ವನ ತಂಗಿ, ನಿಮ್ಮ ಚಿಗವ್ವ, ಇನ್ನೂ ಅದಾಳ" ಎಂದೆ. ಆಯಿ ನಂಬಲಿಲ್ಲ. ಅಪ್ಪನನ್ನು ಕರೆದು ಕೇಳಿದಳು. ಅವನೂ ಹೌದು ಎಂದ. ಕರೆದುಕೊಂಡು ಹೋಗುತ್ತೇವೆ ಎಂದರೆ, "ಇಷ್ಟು ವರ್ಷಾದ ಮ್ಯಾಲ ಹೋಗಿ ಏನ ಮಾತಾಡ್ಲಿ? ಬ್ಯಾಡ" ಎಂದು ಕೌದಿ ಎಳೆದುಕೊಂಡಳು. ಮೂರನೆಯ ಬೆಳಗ್ಗೆ ಎದ್ದು ನೋಡಿದರೆ ತಲೆ ಬಾಚಿ, ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ಮೋಟಾರ ಎಷ್ಟೊತ್ತಿಗೆ ಬರತೈತಿ?"

ಅವಳು ಜೀವಮಾನದಲ್ಲಿ ಮೋಟಾರು ಹತ್ತಿರಲಿಲ್ಲ. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಬ್ಬಿಣ ಬಿಗಿಯಾಗಿ ಹಿಡಿದುಕೊಂಡಿದ್ದಳು, ಇಳಿಯುತ್ತೇನೆ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ರಬಕವಿಯ ಅಂಗಳದಲ್ಲಿ ಇಬ್ಬರೂ ಎದುರುಬದುರು ಕೂತರು. ಚಿಗವ್ವ ಆಯಿಯ ಮುಖವನ್ನು ಎರಡೂ ಕೈಯಿಂದ ಸವರಿ ನೋಡಿದಳು. ಹಣೆ, ಮೂಗು, ಗಲ್ಲ. ಕೊನೆಗೆ, "ಬಿಸಲಾಗ ಬಂದೀದಿ. ತಲಿ ಮ್ಯಾಲ ಸೆರಗ ಎಳಕೊಳ್ಳಾಕ ಬರೂದಿಲ್ಲೇನು?" ಎಂದು ಗದರಿದಳು.

ನಮ್ಮ ಮನೆಯಲ್ಲಿ ಎಲ್ಲರನ್ನೂ ಗದರುವವಳು ಆಯಿ. ಅವಳನ್ನು ಗದರುವವರನ್ನು ನಾನು ನೋಡಿರಲಿಲ್ಲ. ಆಯಿ ಸುಮ್ಮನೆ ಸೆರಗು ಎಳೆದುಕೊಂಡಳು. "ಹೂಂ ಚಿಗವ್ವಾ" ಎಂದಳು.

ಒಂದು ದಿನ ಇದ್ದು ಬರುವುದೆಂದು ಹೋದವಳು ಅಲ್ಲಿಯೇ ಉಳಿದುಕೊಂಡಳು, ನಾವು ಮರಳಿ ಬಂದೆವು. ಎಂಟು ದಿನವಾದ ಮೇಲೆ ಅಪ್ಪ ಗಾಡಿ ತೆಗೆದುಕೊಂಡು ಕರೆತರಲು ಹೋದ. ಅಂಗಳದಲ್ಲಿ ಹರಕು ಅರಿವೆಗಳನ್ನು ಹರವಿಕೊಂಡು ಇಬ್ಬರೂ ಒಂದೇ ಕೌದಿಗೆ ಕೂತಿದ್ದರಂತೆ, ಕಣ್ಣು ಕಾಣದಾಕೆ ತುಂಡುಗಳನ್ನು ಕೈಯಿಂದ ಅಳೆದು ಕೊಡುತ್ತಿದ್ದಳಂತೆ. ಇದು ಮುಗಿಯುವವರೆಗೆ ತಾನು ಬರುವುದಿಲ್ಲ, ಬೇಕಾದರೆ ಮನೆಯ ಹಳೆಯ ಧೋತರಗಳನ್ನು ಕಳಿಸಿಕೊಡು ಎಂದು ಹೇಳಿ ಆಯಿ ಗಾಡಿಯನ್ನು ಖಾಲಿ ಕಳಿಸಿದಳು.